ಹೊಸ್ತಿಲ ಮುಂದೆ ನಿಂತ ರೋಬಾಟ್

ದೊಡ್ಡ ಆಸ್ಪತ್ರೆಯಲ್ಲಿ ರೋಗಿಯ ಜೊತೆ ಒಂದೆರಡು ರಾತ್ರಿ ಕಳೆದವರಿಗೆ ಅಲ್ಲಿನ ನಡಿಗೆಯ ಸದ್ದು ಪರಿಚಿತ. ರಕ್ತದ ಮಾದರಿ ಲ್ಯಾಬಿಗೆ ಹೋಗಬೇಕು. ಫಾರ್ಮಸಿಯಿಂದ ಔಷಧ ಮೇಲಿನ ಮಹಡಿಗೆ ಬರಬೇಕು. ಕೊಳೆಯಾದ ಹಾಸುಬಟ್ಟೆ ಕೆಳಗಿಳಿಯಬೇಕು, ಊಟದ ಹೊತ್ತು ಮೀರಿ ದಾಖಲಾದವರಿಗೆ ಅಡುಗೆಮನೆಯಿಂದ ತಟ್ಟೆ ಬರಬೇಕು. ಇಂಥ ಪ್ರತಿ ಕೆಲಸದಲ್ಲೂ ತಿಳಿವಳಿಕೆ ಬೇಕಾಗುವುದು ಕೊಡುವವರಿಗೆ ಮತ್ತು ತೆಗೆದುಕೊಳ್ಳುವವರಿಗೆ. ನಡುವೆ ಇರುವುದು ಬರೀ ದೂರ. ಆ ದೂರವನ್ನು ವಾರ್ಡ್ ಬಾಯ್, ಆಯಾ, ಬಹಳ ಸಲ ನರ್ಸ್ ಕೂಡ ತಮ್ಮ ಕಾಲಿನಿಂದ ತುಂಬುತ್ತಾರೆ.

ಅಮೆರಿಕದ ಕನೆಕ್ಟಿಕಟ್ ರಾಜ್ಯದ ಡ್ಯಾನ್‌ಬರಿ ಆಸ್ಪತ್ರೆಯಲ್ಲಿ 1988ರಲ್ಲಿ ಈ ನಡಿಗೆಯ ಒಂದು ಪಾಲು ಯಂತ್ರದ ಕೈಸೇರಿತು. ಫ್ರಿಜ್ಜಿನಂಥ ಪೆಟ್ಟಿಗೆಗೆ ಗಾಲಿ ಕಟ್ಟಿದಂತಿದ್ದ ಅದರ ಹೆಸರು ಹೆಲ್ಪ್‌ಮೇಟ್. ಅಡುಗೆಮನೆಯಲ್ಲಿ ತಟ್ಟೆ ತುಂಬಿಸಿ ಯಾವ ವಾರ್ಡ್ ಎಂದು ಗುಂಡಿ ಒತ್ತಿದರೆ ಅದು ಕಾರಿಡಾರಿನಲ್ಲಿ ತಾನಾಗಿ ಹೊರಡುತ್ತಿತ್ತು. ನೆಲದಲ್ಲಿ ಹಳಿ ಇರಲಿಲ್ಲ, ಹೂತಿಟ್ಟ ತಂತಿಯಾಗಲಿ ಬಳಿದ ಗೆರೆಯಾಗಲಿ ಇರಲಿಲ್ಲ. ಎದುರಿಗೆ ಯಾರಾದರೂ ಬಂದರೆ ನಿಲ್ಲುತ್ತಿತ್ತು, ಜಾಗವಿದ್ದರೆ ಬಳಸಿಕೊಂಡು ಮುಂದೆ ಹೋಗುತ್ತಿತ್ತು.

ಇದನ್ನು ಮಾಡಿಸಿದವರು ಜೋಸೆಫ್ ಎಂಗಲ್‌ಬರ್ಗರ್. ಜಾರ್ಜ್ ಡೆವಲ್ ಎಂಬ ಸಂಶೋಧಕರ ಕಲ್ಪನೆಯನ್ನು ಕೈಗೆತ್ತಿಕೊಂಡು, 1961ರಲ್ಲಿ ನ್ಯೂಜೆರ್ಸಿಯ ಜನರಲ್ ಮೋಟಾರ್ಸ್ ಕಾರ್ಖಾನೆಯೊಳಗೆ ಯೂನಿಮೇಟ್ ಎಂಬ ಲೋಹದ ತೋಳನ್ನು ಕೆಲಸಕ್ಕೆ ಹಚ್ಚಿದವರು. ಕಾರ್ಖಾನೆಯ ರೋಬಾಟ್‌ಗಳ ಚರಿತ್ರೆ ಶುರುವಾಗುವುದೇ ಅಲ್ಲಿಂದ. ಅಷ್ಟು ಸಾಧಿಸಿದ ಮನುಷ್ಯ ಅರವತ್ತು ಹತ್ತಿರವಾದಾಗ ಕಾರ್ಖಾನೆ ಬಿಟ್ಟು ಆಸ್ಪತ್ರೆಯ ಓಣಿಗೆ ಬಂದರು. ಕಾರ್ಖಾನೆಯ ರೋಬಾಟ್ ಸುತ್ತ ಸಾಮಾನ್ಯವಾಗಿ ಬೇಲಿ ಇರುತ್ತದೆ, ಅದರ ಹತ್ತಿರ ಜನ ಸುಳಿಯುವಂತಿಲ್ಲ. ಆಸ್ಪತ್ರೆಯಲ್ಲಿ ಬೇಲಿ ಹಾಕುವುದು ಸಾಧ್ಯವೇ ಇಲ್ಲ. ಊರುಗೋಲು ಹಿಡಿದ ಅಜ್ಜಿ, ಓಡುವ ಮಗು, ಗೋಡೆಗೊರಗಿ ಅಳುತ್ತಿರುವ ಬಂಧು, ಇವರೆಲ್ಲರ ನಡುವೆಯೇ ದಾರಿ ಹುಡುಕಬೇಕು.

ಆದರೂ ಕಟ್ಟಡದೊಳಗೆ ಓಡಾಡುವ ರೋಬಾಟ್ ಆಸ್ಪತ್ರೆಯಲ್ಲಿ ಬೇಗನೆ ನೆಲೆ ಕಂಡಿತು. ಸ್ಟ್ರೆಚರ್ ಉರುಳಲೆಂದು ಅಲ್ಲಿನ ನೆಲವನ್ನು ಆಗಲೇ ನುಣುಪು ಮಾಡಿದ್ದರು. ಬಾಗಿಲು ಅಗಲವಾಗಿತ್ತು, ಮೆಟ್ಟಿಲಿನ ಜೊತೆಗೆ ಇಳಿಜಾರು ಹಾದಿ ಇತ್ತು, ಲಿಫ್ಟ್ ದೊಡ್ಡದಿತ್ತು. ಮಲಗಿದ ರೋಗಿಯನ್ನು ಕುಲುಕದೆ ಒಯ್ಯಲು ಮಾಡಿದ ಏರ್ಪಾಡೇ ರೋಬಾಟಿಗೂ ದಾರಿಯಾಯಿತು. ರೋಬಾಟ್ ಎಂದೊಡನೆ ಎಲ್ಲರೂ ಅದರ ಬುದ್ಧಿಯ ಬಗ್ಗೆ ಕೇಳುತ್ತಾರೆ. ಅದರ ಯೋಗ್ಯತೆಯ ಅರ್ಧಪಾಲು ಕಟ್ಟಡದಲ್ಲಿದೆ ಎಂಬುದನ್ನು ಮೊದಲು ತಿಳಿಯಬೇಕು.

ಇನ್ನರ್ಧ ಬುದ್ಧಿಯದು. ಅದು ನಿಂತಿರುವುದು ಒಂದು ಪ್ರಶ್ನೆಯ ಮೇಲೆ: ನಾನೀಗ ಎಲ್ಲಿದ್ದೇನೆ?

ರಾತ್ರಿ ಕರೆಂಟು ಹೋದಾಗ ಮನೆಯವರು ಏನು ಮಾಡುತ್ತಾರೆ ಎಂಬುದನ್ನು ನೆನೆದರೆ ಇದು ಸುಲಭವಾಗಿ ತಿಳಿಯುತ್ತದೆ. ಹಾಸಿಗೆಯಿಂದ ಎದ್ದು ಏಳೆಂಟು ಹೆಜ್ಜೆ ಹೋದರೆ ಬಾಗಿಲು, ಎಡಕ್ಕೆ ತಿರುಗಿ ನಾಲ್ಕು ಹೆಜ್ಜೆಗೆ ದೇವರ ಮನೆ, ಅಲ್ಲಿ ಬೆಂಕಿಪೊಟ್ಟಣ. ಮನಸ್ಸಿನಲ್ಲಿ ಮನೆಯ ನಕ್ಷೆ ಇದೆ, ಕಾಲು ಹೆಜ್ಜೆ ಎಣಿಸುತ್ತದೆ. ಆದರೆ ಹೆಜ್ಜೆ ಎಲ್ಲ ಸಲವೂ ಒಂದೇ ಅಳತೆಯದಲ್ಲ. ಅದಕ್ಕೇ ಕೈ ಗೋಡೆ ಸವರುತ್ತಿರುತ್ತದೆ. ಬಾಗಿಲ ಚೌಕಟ್ಟು ಬೆರಳಿಗೆ ಸಿಕ್ಕ ಕೂಡಲೇ ಎಣಿಕೆಯ ತಪ್ಪು ಸರಿಹೋಗಿ ಮುಂದಿನ ಲೆಕ್ಕ ಅಲ್ಲಿಂದ ಶುರುವಾಗುತ್ತದೆ.

ರೋಬಾಟ್ ಮಾಡುವುದೂ ಇದನ್ನೇ. ಗಾಲಿ ಎಷ್ಟು ಸುತ್ತು ತಿರುಗಿತು ಎಂದು ಎಣಿಸಿ ದೂರ ಲೆಕ್ಕ ಹಾಕುತ್ತದೆ. ಒದ್ದೆ ನೆಲದಲ್ಲಿ ಗಾಲಿ ಸ್ವಲ್ಪ ಜಾರುತ್ತದೆ, ತಿರುವಿನಲ್ಲಿ ಕೋನ ಕೂದಲೆಳೆಯಷ್ಟು ತಪ್ಪುತ್ತದೆ. ಉದ್ದ ಕಾರಿಡಾರಿನ ಕೊನೆಗೆ ಹೋಗುವಷ್ಟರಲ್ಲಿ ಆ ತಪ್ಪು ಗೋಡೆಗೆ ಗುದ್ದುವಷ್ಟು ದೊಡ್ಡದಾಗಿರುತ್ತದೆ. ಹಾಗಾಗಿ ಅದಕ್ಕೂ ಗೋಡೆ ಸವರುವ ಕೈ ಬೇಕು. ಹೆಲ್ಪ್‌ಮೇಟ್ ಕಾಲದಲ್ಲಿ ಆ ಕೈ ಎಂದರೆ ಬಾವಲಿಯಂತೆ ಶಬ್ದ ಕಳಿಸಿ ಪ್ರತಿಧ್ವನಿ ಆಲಿಸುವ ಸೋನಾರ್, ಜೊತೆಗೆ ಚಾವಣಿಯ ದೀಪಗಳನ್ನು ನೋಡುವ ಒಂದು ಕ್ಯಾಮೆರಾ. ನೆಲದ ಮೇಲಿನ ಕುರ್ಚಿ, ಟ್ರಾಲಿ ದಿನಕ್ಕೆ ಹತ್ತು ಸಲ ಜಾಗ ಬದಲಿಸುತ್ತವೆ. ಚಾವಣಿಯ ದೀಪಗಳು ಸಾಲಾಗಿ ಇದ್ದಲ್ಲೇ ಇರುತ್ತವೆ.

ಈಗ ಆ ಕೆಲಸವನ್ನು ಹೆಚ್ಚಾಗಿ ಲೈಡಾರ್ ಮಾಡುತ್ತದೆ. ತಿರುಗುತ್ತಲೇ ಲೇಸರ್ ಕಿರಣ ಬಿಟ್ಟು, ಅದು ಗೋಡೆಗೆ ತಾಗಿ ಮರಳಲು ಹಿಡಿದ ಹೊತ್ತಿನಿಂದ ದೂರ ಅಳೆಯುವ ಸಾಧನ. ಬೆಳಕು ಒಂದು ನ್ಯಾನೊಸೆಕೆಂಡಿನಲ್ಲಿ, ಅಂದರೆ ಸೆಕೆಂಡಿನ ನೂರು ಕೋಟಿಯಲ್ಲೊಂದು ಪಾಲಿನಲ್ಲಿ, ಸುಮಾರು 30 ಸೆಂಟಿಮೀಟರ್ ಸಾಗುತ್ತದೆ. ಅಷ್ಟು ಸೂಕ್ಷ್ಮವಾದ ಗಡಿಯಾರ ಅಂಗೈಯಗಲದ ಡಬ್ಬಿಯೊಳಗೆ ಕೂತಿದೆ ಎಂಬುದೇ ಬೆರಗು. ಆದರೆ ಸಾಮಾನ್ಯ ಲೈಡಾರಿನ ನೋಟ ಒಂದೇ ಎತ್ತರದ್ದು, ಚಾಕುವಿನಿಂದ ಕೋಣೆಯನ್ನು ಅಡ್ಡಡ್ಡ ಸೀಳಿದ ಹಾಗೆ. ಅದಕ್ಕೆ ಮೇಜಿನ ನಾಲ್ಕು ಕಾಲು ಕಾಣುತ್ತವೆ, ಹಲಗೆ ಕಾಣುವುದಿಲ್ಲ. ಕಾಲುಗಳ ನಡುವೆ ದಾರಿಯಿದೆ ಎಂದು ನುಗ್ಗಿದರೆ ತಲೆ ಹಲಗೆಗೆ ಬಡಿಯುತ್ತದೆ. ಅದಕ್ಕೇ ಆಳ ಅಳೆಯುವ ಕ್ಯಾಮೆರಾ, ಮೆಟ್ಟಿಲಂಚು ಗುರುತಿಸಲು ನೆಲ ನೋಡುವ ಸೆನ್ಸರ್, ತಾಗಿದೊಡನೆ ನಿಲ್ಲಿಸುವ ಬಂಪರ್ ಎಲ್ಲವನ್ನೂ ಜೋಡಿಸುತ್ತಾರೆ.

ಗಾಜು ಲೈಡಾರಿನ ದೊಡ್ಡ ಶತ್ರು. ಕಿರಣ ಗಾಜನ್ನು ದಾಟಿ ಹೋಗಿಬಿಡುತ್ತದೆ, ಎದುರಿಗೆ ಏನೂ ಇಲ್ಲವೆಂದು ರೋಬಾಟ್ ನಂಬುತ್ತದೆ. ಜರ್ಮನಿಯ ಬಾನ್ ನಗರದ ಡಾಯ್ಚಸ್ ಮ್ಯೂಸಿಯಂನಲ್ಲಿ 1997ರಲ್ಲಿ ರೈನೊ ಎಂಬ ರೋಬಾಟ್ ಆರು ದಿನ ಪ್ರೇಕ್ಷಕರಿಗೆ ಮಾರ್ಗದರ್ಶಿಯಾಗಿ ಓಡಾಡಿತು. ಅಲ್ಲಿನ ವಸ್ತುಗಳ ಸುತ್ತ ಗಾಜಿನ ಆವರಣಗಳಿದ್ದವು. ಸಂಶೋಧಕರು ಕಂಡುಕೊಂಡ ಉಪಾಯ ಸರಳವಾದದ್ದು: ಗಾಜು ಎಲ್ಲೆಲ್ಲಿದೆ ಎಂಬುದನ್ನು ನಕ್ಷೆಯಲ್ಲಿ ಮೊದಲೇ ಬರೆದಿಟ್ಟರು. ಕಣ್ಣಿಗೆ ಕಾಣದಿದ್ದರೂ ನಕ್ಷೆಯಲ್ಲಿ ಇದೆಯಾದರೆ ಅದನ್ನು ಇದೆ ಎಂದೇ ನಂಬಿ ನಡೆ ಎಂದು ಯಂತ್ರಕ್ಕೆ ಕಲಿಸಿದರು. ಐಟಿ ಕಂಪನಿಗಳ ಗಾಜಿನ ಕಚೇರಿಗಳಲ್ಲಿ ರೋಬಾಟ್ ಓಡಿಸುವವರಿಗೆ ಈ ಪಾಠ ಈಗಲೂ ಬೇಕು.

ಮರುವರ್ಷ ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಸ್ಥೆಯ ಅಮೆರಿಕನ್ ಇತಿಹಾಸ ಮ್ಯೂಸಿಯಂಗೆ ಮಿನರ್ವಾ ಬಂತು. ಸೆಬಾಸ್ಟಿಯನ್ ಥ್ರುನ್, ವೋಲ್ಫ್‌ರಾಂ ಬುರ್ಗಾರ್ಡ್, ಡೀಟರ್ ಫಾಕ್ಸ್ ಮೊದಲಾದವರ ತಂಡ ರೂಪಿಸಿದ ಈ ರೋಬಾಟ್ ಎರಡು ವಾರದಲ್ಲಿ 44 ಕಿಲೋಮೀಟರ್ ನಡೆಯಿತು. ಜನ ಮುತ್ತಿಕೊಂಡರೆ ಗೋಡೆಗಳೇ ಮರೆಯಾಗುತ್ತಿದ್ದವು, ಕಾಣುತ್ತಿದ್ದುದು ಕಾಲುಗಳ ಕಾಡು. ಆಗ ಮಿನರ್ವಾ ಕೂಡ ಚಾವಣಿಯನ್ನೇ ನೋಡಿ ತನ್ನ ಜಾಗ ತಿಳಿದುಕೊಂಡಿತು. ಅದಕ್ಕೊಂದು ಯಾಂತ್ರಿಕ ಮುಖವನ್ನೂ ಕೊಟ್ಟಿದ್ದರು. ದಾರಿ ಬಿಟ್ಟರೆ ನಗು, ಬಹಳ ಹೊತ್ತು ಅಡ್ಡಗಟ್ಟಿದರೆ ಸಿಟ್ಟು. ಮನುಷ್ಯರ ನಡುವೆ ಓಡಾಡುವ ಯಂತ್ರ ತನ್ನ ಇಂಗಿತವನ್ನು ಎದುರಿನವರಿಗೆ ತಿಳಿಸಲೇಬೇಕು ಎಂಬ ಅರಿವು ಅಲ್ಲಿತ್ತು. ಬಸ್ ನಿಲ್ದಾಣದ ಕೂಲಿಯವರು ತಲೆಯ ಮೇಲೆ ಮೂಟೆ ಹೊತ್ತು ‘ದಾರಿ, ದಾರಿ’ ಎನ್ನುತ್ತ ಬರುವುದೂ ಇದೇ ಅಗತ್ಯಕ್ಕೆ.

ಈ ತಂಡ ಬಳಸಿ ಬೆಳೆಸಿದ ಲೆಕ್ಕಾಚಾರ ಇಂದಿನ ಬಹುಪಾಲು ರೋಬಾಟ್‌ಗಳ ಬೆನ್ನೆಲುಬು. ತಾನು ಎಲ್ಲಿದ್ದೇನೆ ಎಂಬುದಕ್ಕೆ ರೋಬಾಟ್ ಒಂದೇ ಉತ್ತರ ಹಿಡಿದು ಕೂರುವುದಿಲ್ಲ. ನಕ್ಷೆಯ ಮೇಲೆ ರಾಗಿ ಕಾಳು ಎರಚಿದಂತೆ ಸಾವಿರಾರು ಊಹೆಗಳನ್ನು ಹರಡುತ್ತದೆ: ಇಲ್ಲಿರಬಹುದು, ಅಲ್ಲಿಯೂ ಇರಬಹುದು. ಒಂದೊಂದು ಕಾಳೂ ತನ್ನ ಜಾಗದಿಂದ ನೋಡಿದರೆ ಗೋಡೆಗಳು ಎಷ್ಟು ದೂರದಲ್ಲಿ ಕಾಣಬೇಕು ಎಂದು ಹೇಳುತ್ತದೆ. ನಿಜವಾದ ಅಳತೆಗೆ ಹೊಂದದ ಕಾಳುಗಳನ್ನು ಕೇರಿ ಹಾಕುತ್ತದೆ, ಹೊಂದುವವುಗಳ ಸುತ್ತ ಇನ್ನಷ್ಟು ಎರಚುತ್ತದೆ. ಹತ್ತು ಹೆಜ್ಜೆ ಹೋಗುವಷ್ಟರಲ್ಲಿ ಕಾಳುಗಳೆಲ್ಲ ಒಂದು ಕಡೆ ಗುಡ್ಡೆಯಾಗುತ್ತವೆ, ಅದೇ ರೋಬಾಟ್ ಇರುವ ಜಾಗ. ಜೂಜಿನ ಊರಿನ ಹೆಸರಿನಿಂದ ಇದನ್ನು ಮಾಂಟೆ ಕಾರ್ಲೊ ವಿಧಾನ ಎನ್ನುತ್ತಾರೆ. ತನ್ನ ಅನುಮಾನವನ್ನು ಬಚ್ಚಿಡದೆ ಲೆಕ್ಕಕ್ಕೆ ಸೇರಿಸಿಕೊಳ್ಳುವ ಈ ಕ್ರಮ ಈ ವಿದ್ಯೆಯಲ್ಲೇ ಅತ್ಯಂತ ಸುಂದರವಾದದ್ದು. ಥ್ರುನ್ ತಂಡ ಮುಂದೆ ಇದೇ ವಿಚಾರಗಳನ್ನು ರಸ್ತೆಗೆ ಒಯ್ದು, ಸ್ಟ್ಯಾನ್ಲಿ ಎಂಬ ಚಾಲಕರಹಿತ ವಾಹನದಿಂದ 2005ರ ಮರುಭೂಮಿ ಓಟವನ್ನು ಗೆದ್ದಿತು.

ಜಾಗ ತಿಳಿದ ಮೇಲೆ ದಾರಿ ಹುಡುಕುವುದು ಅಷ್ಟು ಕಷ್ಟವಲ್ಲ. ಕ್ಯಾಲಿಫೋರ್ನಿಯಾದ ಎಸ್ಆರ್‌ಐ ಸಂಸ್ಥೆಯಲ್ಲಿ ಶೇಕಿ ಎಂಬ ರೋಬಾಟಿಗಾಗಿ 1968ರಲ್ಲಿ ರೂಪುಗೊಂಡ ‘ಎ-ಸ್ಟಾರ್’ ಸೂತ್ರ ಈಗಲೂ ಅನೇಕ ಯಂತ್ರಗಳಿಗೆ ಹತ್ತಿರದ ದಾರಿ ತೋರಿಸುತ್ತಿದೆ.

ಕಷ್ಟ ಇರುವುದು ಬಾಗಿಲಲ್ಲಿ, ಲಿಫ್ಟಿನಲ್ಲಿ. ಬಹುಪಾಲು ಸೇವಾ ರೋಬಾಟ್‌ಗಳಿಗೆ ಬೆರಳಿಲ್ಲ. ಗುಂಡಿ ಒತ್ತಲಾರವು, ಹಿಡಿಕೆ ತಿರುಗಿಸಲಾರವು. ಆದ್ದರಿಂದ ಕಟ್ಟಡವೇ ಅವುಗಳ ಮಾತು ಕೇಳಬೇಕು. ಸ್ಯಾನ್‌ಫ್ರಾನ್ಸಿಸ್ಕೊದ ಯುಸಿಎಸ್ಎಫ್ ಮಿಷನ್ ಬೇ ಆಸ್ಪತ್ರೆ 2015ರಲ್ಲಿ ತೆರೆದಾಗ ಪಿಟ್ಸ್‌ಬರ್ಗಿನ ಏಥಾನ್ ಕಂಪನಿಯ 25 ಟಗ್ ರೋಬಾಟ್‌ಗಳು ಕೆಲಸಕ್ಕೆ ಇಳಿದವು. ಊಟ, ಬಟ್ಟೆ, ಔಷಧ ಹೊತ್ತು ಓಡಾಡುವ ಇವು ವೈರ್‌ಲೆಸ್ ಮೂಲಕ ಲಿಫ್ಟನ್ನು ತಾವೇ ಕರೆಯುತ್ತವೆ, ಬಾಗಿಲನ್ನು ತಾವೇ ತೆರೆಸುತ್ತವೆ. ಔಷಧದ ಪೆಟ್ಟಿಗೆ ಮಾತ್ರ ನರ್ಸ್ ಬೆರಳಚ್ಚು ಕೊಟ್ಟು, ಗುಪ್ತಸಂಖ್ಯೆ ಒತ್ತಿದ ಮೇಲೆಯೇ ತೆರೆದುಕೊಳ್ಳುತ್ತದೆ. ನಡಿಗೆ ಯಂತ್ರದ್ದು, ಜವಾಬ್ದಾರಿ ಮನುಷ್ಯರದ್ದು.

ಬಾಗಿಲು ತೆರೆಸುವ ಅಧಿಕಾರ ಪಡೆದ ಯಂತ್ರ ತಪ್ಪು ಕೈಗೆ ಸಿಕ್ಕರೆ? ಸೈನೆರಿಯೊ ಎಂಬ ಭದ್ರತಾ ಸಂಸ್ಥೆ 2022ರಲ್ಲಿ ಟಗ್ ವ್ಯವಸ್ಥೆಯಲ್ಲಿ ಐದು ದೋಷಗಳನ್ನು ಪತ್ತೆಹಚ್ಚಿ ಪ್ರಕಟಿಸಿತು. ಅವನ್ನು ಬಳಸಿ ಹೊರಗಿನವರು ರೋಬಾಟ್‌ಗಳನ್ನು ತಮ್ಮ ಹತೋಟಿಗೆ ತೆಗೆದುಕೊಳ್ಳುವ ಸಾಧ್ಯತೆ ಇತ್ತು. ಕಂಪನಿ ದೋಷಗಳನ್ನು ಸರಿಪಡಿಸಿತು. ಆಸ್ಪತ್ರೆಗಳಿಗೆ ರೋಬಾಟ್ ಕೊಳ್ಳುವವರು ಬೆಲೆಪಟ್ಟಿಗಿಂತ ಮೊದಲು ಕೇಳಬೇಕಾದ ಪ್ರಶ್ನೆ ಇದರಲ್ಲಿದೆ.

ಇನ್ನು ಕಾವಲಿನ ಮಾತು. ರಾತ್ರಿ ಗಸ್ತು ಬಹಳ ಹಳೆಯ ಕೆಲಸ. ಊರಿಗೊಬ್ಬ ತಳವಾರ, ಬೀದಿಗೊಬ್ಬ ಗೂರ್ಖಾ, ಈಗ ಅಪಾರ್ಟ್‌ಮೆಂಟಿಗೆ ನಾಲ್ವರು ಸೆಕ್ಯುರಿಟಿಯವರು. ಹನ್ನೆರಡು ಗಂಟೆಯ ಪಾಳಿಯಲ್ಲಿ ನಿಂತು, ಗಂಟೆಗೊಮ್ಮೆ ಕಟ್ಟಡ ಸುತ್ತುವ ಕೆಲಸ ಮೈಯನ್ನೂ ಮನಸ್ಸನ್ನೂ ಸವೆಸುತ್ತದೆ. ಏನೂ ನಡೆಯದ ನೂರು ರಾತ್ರಿಗಳ ನಂತರ ನೂರೊಂದನೆಯ ರಾತ್ರಿಯೂ ಅಷ್ಟೇ ಎಚ್ಚರದಿಂದಿರಬೇಕು ಎನ್ನುವುದು ಮನುಷ್ಯರಿಂದ ಕೇಳಬಾರದಷ್ಟು ಕಠಿಣವಾದ ಬೇಡಿಕೆ.

ಈ ಕೆಲಸಕ್ಕೆ ಯಂತ್ರ ಹೂಡಿದವರಲ್ಲಿ ಮೊದಲಿಗರು ಅಮೆರಿಕದ ನೌಕಾಪಡೆಯ ಬಾರ್ಟ್ ಎವರೆಟ್. 1980ರ ದಶಕದ ಆರಂಭದಲ್ಲಿ ಕ್ಯಾಲಿಫೋರ್ನಿಯಾದ ನೌಕಾ ಸ್ನಾತಕೋತ್ತರ ಶಾಲೆಯಲ್ಲಿ ಓದುತ್ತಿದ್ದಾಗ ತಮ್ಮ ಪ್ರಬಂಧಕ್ಕಾಗಿ ರೊಬಾರ್ಟ್ ಎಂಬ ಕಾವಲು ರೋಬಾಟನ್ನು ಕಟ್ಟಿದರು. ಅದು ಮನೆಯೊಳಗೆ ಸುತ್ತುತ್ತ ಹೊಗೆ, ಬೆಂಕಿ, ನುಗ್ಗಿದ ನೀರು, ಅಪರಿಚಿತರ ಚಲನೆಗಾಗಿ ಎಚ್ಚರವಾಗಿರುತ್ತಿತ್ತು. ಎವರೆಟ್ ಎದುರಿಸಿದ ಪ್ರಶ್ನೆಗಳನ್ನು ಇಂದಿನ ಕಂಪನಿಗಳೂ ಎದುರಿಸುತ್ತಿವೆ. ಗೋಡೆಗೆ ಹಾಕಿದ ಸೆನ್ಸರಿಗೆ ಕೋಣೆಯಲ್ಲಿ ಏನಾದರೂ ಅಲುಗಿದರೆ ಅದೇ ಸುದ್ದಿ. ತಾನೇ ಚಲಿಸುವ ಯಂತ್ರಕ್ಕೆ ಇಡೀ ಕೋಣೆಯೇ ಚಲಿಸುವಂತೆ ತೋರುತ್ತದೆ. ಪರದೆ ಗಾಳಿಗೆ ಅಲುಗಿದರೂ ಗಂಟೆ ಬಾರಿಸಿದರೆ ಮೂರನೇ ದಿನಕ್ಕೆ ಅದನ್ನು ಯಾರೂ ನಂಬುವುದಿಲ್ಲ. ಅವರ ಎರಡನೇ ರೋಬಾಟ್ ಹಲವು ಬಗೆಯ ಸೆನ್ಸರುಗಳ ಸಾಕ್ಷ್ಯವನ್ನು ಒಂದಕ್ಕೊಂದು ತಾಳೆ ನೋಡಿ, ಆಮೇಲೆ ಕೂಗು ಹಾಕುವುದನ್ನು ಕಲಿಯಿತು. ಆ ಅನುಭವವೆಲ್ಲ ಮುಂದೆ ಸೇನೆಯ ಗೋದಾಮುಗಳನ್ನು ಕಾಯುವ ರೋಬಾಟ್ ಯೋಜನೆಗೆ ಹರಿದುಬಂತು. ಅಲ್ಲಿನ ಯಂತ್ರಗಳಿಗೆ ಗಸ್ತಿನ ಜೊತೆಗೆ ಸಾಮಾನುಗಳ ಮೇಲಿನ ರೇಡಿಯೊ ಚೀಟಿ ಓದಿ ಲೆಕ್ಕ ಹಿಡಿಯುವ ಕೆಲಸವನ್ನೂ ಕೊಟ್ಟಿದ್ದರು.

2016ರಲ್ಲಿ ಶುರುವಾದ ಕೋಬಾಲ್ಟ್ ಎಂಬ ಕಂಪನಿ ಕಚೇರಿಗಳೊಳಗಿನ ಕಾವಲಿಗೇ ರೋಬಾಟ್ ಮಾಡಿತು. ಅದರ ಮೈಗೆ ಲೋಹದ ಕವಚದ ಬದಲು ಬಟ್ಟೆ ಹೊದಿಸಿದ್ದರು, ರಾತ್ರಿ ಹೊತ್ತು ಒಬ್ಬರೇ ಕೆಲಸ ಮಾಡುತ್ತಿರುವವರು ಬೆದರಬಾರದು ಎಂಬ ಕಾಳಜಿಯಿಂದ. ಏನಾದರೂ ಅಸಹಜವಾದದ್ದು ಕಂಡರೆ ದೂರದಲ್ಲಿ ಕುಳಿತ ಸಿಬ್ಬಂದಿಯ ಮುಖ ಪರದೆಯ ಮೇಲೆ ಮೂಡಿ ಮಾತನಾಡಿಸುತ್ತಿತ್ತು. ಇದು ಒಳ್ಳೆಯ ದಾರಿ. ಬಾಗಿಲು ತೆರೆದಿದೆ ಎಂದು ಕಂಡುಹಿಡಿಯುವುದು ಯಂತ್ರಕ್ಕೆ ಸುಲಭ. ಒಳಗಿರುವವರು ಕಳ್ಳರೋ, ಮಗುವಿನ ಔಷಧ ಮೇಜಿನ ಮೇಲೆ ಮರೆತು ಹಿಂತಿರುಗಿದ ನೌಕರರೋ ಎಂದು ತೀರ್ಮಾನಿಸಲು ಮನುಷ್ಯರೇ ಬೇಕು.

ಅಷ್ಟು ವಿವೇಕ ಎಲ್ಲೆಡೆ ಕಾಣಲಿಲ್ಲ. ನ್ಯೂಯಾರ್ಕ್ ಪೊಲೀಸರು 2023ರ ಸೆಪ್ಟೆಂಬರಿನಲ್ಲಿ ಟೈಮ್ಸ್ ಸ್ಕ್ವೇರ್ ಸುರಂಗ ರೈಲು ನಿಲ್ದಾಣಕ್ಕೆ ನೈಟ್‌ಸ್ಕೋಪ್ ಕಂಪನಿಯ ಕೆ-5 ಎಂಬ ಕಾವಲು ರೋಬಾಟ್ ತಂದರು. ಐದಡಿ ಎತ್ತರ, ಸುಮಾರು 180 ಕಿಲೋ ತೂಕ, ಬಾಡಿಗೆ ಗಂಟೆಗೆ 9 ಡಾಲರ್. ಕೆಲಸಗಾರರ ಕನಿಷ್ಠ ಕೂಲಿಗಿಂತ ಇದು ಅಗ್ಗ ಎಂದು ಮೇಯರ್ ಎರಿಕ್ ಆಡಮ್ಸ್ ಹೇಳಿಕೊಂಡರು. ಆದರೆ ಆ ರೋಬಾಟ್ ಮೆಟ್ಟಿಲು ಇಳಿಯಲಾರದು, ಹಾಗಾಗಿ ಪ್ಲಾಟ್‌ಫಾರ್ಮಿಗೆ ಹೋಗಲಾರದು. ಜೊತೆಗೆ ಪೊಲೀಸರು ನಿಂತಿರಬೇಕಾಗಿತ್ತು. 2024ರ ಫೆಬ್ರುವರಿಯಲ್ಲಿ ಅದನ್ನು ಕೆಲಸದಿಂದ ತೆಗೆದರು. ಮನುಷ್ಯರ ಕೂಲಿಯೊಂದಿಗೆ ಯಂತ್ರದ ಬಾಡಿಗೆಯನ್ನು ತೂಗುವ ಆ ಲೆಕ್ಕವೇ ತಪ್ಪು. ನಿಲ್ದಾಣದ ಕಾವಲಿನವರು ಬಿದ್ದವರನ್ನು ಎತ್ತುತ್ತಾರೆ, ದಾರಿ ತಪ್ಪಿದವರಿಗೆ ದಾರಿ ಹೇಳುತ್ತಾರೆ, ಜಗಳ ಬಿಡಿಸುತ್ತಾರೆ. ಅವರ ಕೂಲಿ ಬರೀ ನಡಿಗೆಗೆ ಕೊಡುವ ಕೂಲಿಯಲ್ಲ.

ಹೋಟೆಲುಗಳಲ್ಲೂ ಇದೇ ಪಾಠ. ಜಪಾನಿನ ನಾಗಸಾಕಿ ಸೀಮೆಯ ಹೆನ್ ನಾ ಹೋಟೆಲ್ 2015ರಲ್ಲಿ ರೋಬಾಟ್ ಸಿಬ್ಬಂದಿಯೊಂದಿಗೆ ತೆರೆದು ಜಗತ್ತಿನ ಗಮನ ಸೆಳೆಯಿತು. 2019ರ ಹೊತ್ತಿಗೆ ಅಲ್ಲಿನ 243 ರೋಬಾಟ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚನ್ನು ತೆಗೆದುಹಾಕಿದರು. ಕೋಣೆಯಲ್ಲಿದ್ದ ಪುಟ್ಟ ರೋಬಾಟ್ ಅತಿಥಿಯ ಗೊರಕೆಯನ್ನು ಪ್ರಶ್ನೆ ಎಂದು ತಿಳಿದು ನಿದ್ದೆಯಿಂದ ಎಬ್ಬಿಸುತ್ತಿತ್ತು. ಅದೇ ಕಾಲದಲ್ಲಿ, 2014ರಿಂದ, ಕ್ಯಾಲಿಫೋರ್ನಿಯಾದ ಕೂಪರ್ಟಿನೊದ ಅಲಾಫ್ಟ್ ಹೋಟೆಲಿನಲ್ಲಿ ಸ್ಯಾವಿಯೋಕ್ ಕಂಪನಿಯ ಗಿಡ್ಡ ರೋಬಾಟ್ ಒಂದೇ ಕೆಲಸ ಮಾಡುತ್ತಿತ್ತು: ಟವೆಲ್, ಟೂತ್‌ಬ್ರಷ್ ಹೊತ್ತು ಲಿಫ್ಟ್ ಹತ್ತಿ ಕೋಣೆಯ ಬಾಗಿಲಿಗೆ ಮುಟ್ಟಿಸುವುದು. ಆ ಬಗೆಯ ರೋಬಾಟ್‌ಗಳು ಬೇರೆ ಹೋಟೆಲುಗಳಿಗೂ ಹಬ್ಬಿದವು.

ಬೆಂಗಳೂರಿಗೂ ಈ ಕಥೆಯಲ್ಲಿ ಪಾಲಿದೆ. ಇಲ್ಲಿನ ಇನ್ವೆಂಟೊ ಕಂಪನಿಯ ಮಿತ್ರ ರೋಬಾಟ್ 2017ರಲ್ಲಿ ಕೆನರಾ ಬ್ಯಾಂಕಿನ ಕೇಂದ್ರ ಕಚೇರಿಯಲ್ಲಿ ಗ್ರಾಹಕರನ್ನು ಸ್ವಾಗತಿಸಿತು. ಅದೇ ವರ್ಷ ನವೆಂಬರಿನಲ್ಲಿ ಹೈದರಾಬಾದಿನ ಜಾಗತಿಕ ಉದ್ಯಮಶೀಲತಾ ಸಮಾವೇಶದಲ್ಲಿ ಪ್ರಧಾನಿ ನರೇಂದ್ರ ಮೋದಿ ಮತ್ತು ಇವಾಂಕಾ ಟ್ರಂಪ್ ಅವರ ಮುಂದೆ ಬಂದು ನಿಂತಿತು. ಸ್ವಾಗತದ ಬೆಡಗು ಕೆಲವು ದಿನದ್ದು. 2020ರಲ್ಲಿ ಕೊರೊನಾ ಬಂದಾಗ ಅದಕ್ಕೆ ನಿಜವಾದ ಕೆಲಸ ಸಿಕ್ಕಿತು: ಬೆಂಗಳೂರಿನ ಫೋರ್ಟಿಸ್ ಆಸ್ಪತ್ರೆಯ ಬಾಗಿಲಲ್ಲಿ ನಿಂತು ಬರುವವರ ಮೈಬಿಸಿ ನೋಡಿ, ಲಕ್ಷಣಗಳನ್ನು ವಿಚಾರಿಸುವುದು. ಕೊಚ್ಚಿಯ ಅಸಿಮೋವ್ ಕಂಪನಿಯ ಕರ್ಮಿ-ಬಾಟ್ ಎರ್ನಾಕುಲಂ ಮೆಡಿಕಲ್ ಕಾಲೇಜಿನ ಕೋವಿಡ್ ವಾರ್ಡಿನೊಳಗೆ ಊಟ, ಔಷಧ ಒಯ್ದಿತು. ಅಲ್ಲಿ ಯಂತ್ರದ ಒಂದೊಂದು ಸುತ್ತೂ ಯಾರೋ ಒಬ್ಬ ಆಯಾ ಸೋಂಕಿನ ನಡುವೆ ಹೋಗುವುದನ್ನು ತಪ್ಪಿಸುತ್ತಿತ್ತು. ಕೋವಿಡ್ ಕಾಲದ ರೋಬಾಟ್‌ಗಳ ಸಾರ್ಥಕತೆಯನ್ನು ಇದರಿಂದಲೇ ಅಳೆಯಬೇಕು.

ಆದರೂ ನಮ್ಮ ಬಹುಪಾಲು ಸರ್ಕಾರಿ ಆಸ್ಪತ್ರೆಗಳಲ್ಲಿ ಇಂಥ ಯಂತ್ರ ನೂರು ಮಾರು ಹೋಗುವುದೂ ಕಷ್ಟ. ವಾರ್ಡಿನ ಬಾಗಿಲಲ್ಲಿ ಎದ್ದ ಕಲ್ಲಿನ ಪಟ್ಟಿ, ಕಿತ್ತ ಟೈಲ್ಸ್, ಕಾರಿಡಾರಿನಲ್ಲಿ ಚಾಪೆ ಹಾಸಿ ಮಲಗಿದ ರೋಗಿಯ ಕಡೆಯವರು, ಲಿಫ್ಟಿಗಾಗಿ ಕಾದ ಜನ. ರೋಬಾಟ್ ನಿಲ್ಲುವ ಇವೇ ಜಾಗಗಳಲ್ಲಿ ಇಂದು ಗಾಲಿಕುರ್ಚಿಯೂ ನಿಲ್ಲುತ್ತಿದೆ. ಅಮೆರಿಕದಲ್ಲಿ 1990ರ ಅಂಗವಿಕಲರ ಕಾನೂನು ಬಂದ ಮೇಲೆ ಸಾರ್ವಜನಿಕ ಕಟ್ಟಡಗಳ ಹೊಸ್ತಿಲು ಸಾಮಾನ್ಯವಾಗಿ 13 ಮಿಲಿಮೀಟರಿಗಿಂತ ಎತ್ತರ ಇರಬಾರದು ಎಂಬ ನಿಯಮ ಜಾರಿಯಾಯಿತು. ಗಾಲಿಕುರ್ಚಿಯವರು ಹೋರಾಡಿ ಪಡೆದ ಆ ಸಮತಟ್ಟಾದ ನೆಲದ ಮೇಲೆಯೇ ಅಲ್ಲಿನ ರೋಬಾಟ್‌ಗಳು ಓಡುತ್ತಿವೆ. ಭಾರತದಲ್ಲೂ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇದೆ, ಸಾರ್ವಜನಿಕ ಕಟ್ಟಡಗಳನ್ನು ಐದು ವರ್ಷದೊಳಗೆ ಎಲ್ಲರೂ ಬಳಸುವಂತೆ ಮಾಡಬೇಕೆಂದು ಅದು ಹೇಳುತ್ತದೆ. ತಾಲ್ಲೂಕು ಆಸ್ಪತ್ರೆಗೆ ರೋಬಾಟ್ ಬೇಕೋ ಬೇಡವೋ ಆಮೇಲಿನ ಮಾತು. ಅದರ ಬಾಗಿಲ ಕಲ್ಲುಪಟ್ಟಿ ತೆಗೆದು ಇಳಿಜಾರು ಮಾಡುವ ಕೆಲಸ ಈ ವರ್ಷವೇ ಆಗಬೇಕು.

ಎಂಗಲ್‌ಬರ್ಗರ್ 2015ರಲ್ಲಿ, ತೊಂಬತ್ತರ ವಯಸ್ಸಿನಲ್ಲಿ ತೀರಿಕೊಂಡರು. ಹೆಲ್ಪ್‌ಮೇಟ್ ನಂತರದ ವರ್ಷಗಳಲ್ಲಿ ಅವರು ಎಲ್ಲರ ಮುಂದಿಡುತ್ತಿದ್ದ ಕನಸು ಒಂದೇ: ಒಂಟಿಯಾಗಿರುವ ವೃದ್ಧರಿಗೆ ಮನೆಯೊಳಗೇ ನೆರವಾಗುವ, ನೀರು ತಂದುಕೊಡುವ, ಏಳಲು ಕೈಯಾಸರೆ ಕೊಡುವ ರೋಬಾಟ್. ಮನೆಯಲ್ಲಿ ಉದ್ದನೆಯ ನೇರ ಕಾರಿಡಾರಿಲ್ಲ. ಕಾಲೊರೆಸುವ ಚಾಪೆ ಮಡಚಿಕೊಂಡಿರುತ್ತದೆ, ಬಾಗಿಲ ಬಳಿ ಚಪ್ಪಲಿಗಳ ರಾಶಿ ಇರುತ್ತದೆ. ಮಕ್ಕಳೆಲ್ಲ ದೂರದ ಊರು ಸೇರಿ ಅಜ್ಜ ಅಜ್ಜಿ ಇಬ್ಬರೇ ಉಳಿದ ಮಲೆನಾಡಿನ, ಬಯಲುಸೀಮೆಯ ಹಳೆಯ ಮನೆಗಳಲ್ಲಿ ನಡುಮನೆಯಿಂದ ಅಡುಗೆಮನೆಗೆ ಹೋಗಲು ಒಂದು ಹೊಸ್ತಿಲು, ಹಿತ್ತಿಲಿಗೆ ಇನ್ನೊಂದು. ಬೆಳಿಗ್ಗೆ ಎದ್ದು ಅರಿಸಿನ ಹಚ್ಚಿ, ರಂಗೋಲಿಯ ಎಳೆ ಬಿಡಿಸುವ ಆ ಮರದ ಹೊಸ್ತಿಲು ನಾಲ್ಕೈದು ಇಂಚು ಎತ್ತರದ್ದು. ಮಂಡಿನೋವಿನ ಅಜ್ಜಿ ಚೌಕಟ್ಟು ಹಿಡಿದು ಅದನ್ನು ದಿನಕ್ಕೆ ಇಪ್ಪತ್ತು ಸಲ ದಾಟುತ್ತಾರೆ.